ಸಣ್ಣ ತಳಿಯ ನಾಯಿ ಗಬ್ಬ ಆಗಿದೆಯೋ ಇಲ್ಲವೋ: ಯಾವ ದಿನ ಯಾವ ಪರೀಕ್ಷೆ

ಉಳಿದ ಗಿರಾಕಿಗಳೆಲ್ಲ ಹೋಗುವವರೆಗೂ ಆ ಹುಡುಗ ಪಕ್ಕಕ್ಕೆ ನಿಂತಿದ್ದ. ಆಮೇಲೆ ಮೆಲ್ಲಗೆ, "ಅಣ್ಣಾ, ಪ್ರೆಗ್ನೆನ್ಸಿ ಕಿಟ್ ಒಂದು ಕೊಡ್ರಿ" ಅಂದ. ಇದನ್ನು ಕೇಳುವವರೆಲ್ಲ ಹೀಗೇ ಕೇಳುವುದು. ನಾನೂ ಏನೂ ಮಾತಾಡದೆ ಪೇಪರಿನಲ್ಲಿ ಸುತ್ತಿ ಕೊಟ್ಟೆ. ದುಡ್ಡು ಎಣಿಸುತ್ತಾ ಕೇಳಿದ: "ಇದಕ್ಕ ನಾಯಿ ಉಚ್ಚಿ ಎಷ್ಟು ಹನಿ ಹಾಕ್ಬೇಕ್ರಿ?"

ಕಿಟ್ ವಾಪಸ್ ಇಸ್ಕೊಂಡು, ಸ್ಟೂಲ್ ಎಳೆದು ಕೂರಿಸಿದೆ.

ಬಳ್ಳಾರಿಯಲ್ಲಿ ನನ್ನದು ಔಷಧಿ ಅಂಗಡಿ. ನಾನು ಪಶುವೈದ್ಯನಲ್ಲ. ಆದರೆ ಮನೆಯಲ್ಲಿ ಬುಜ್ಜಿ ಅಂತ ಮೂರೂವರೆ ಕಿಲೋದ ಪಾಮೇರಿಯನ್ ಇದೆ, ಅದರ ವಿಷಯದಲ್ಲಿ ಎರಡು ಸಲ ಮೋಸ ಹೋಗಿದ್ದೇನೆ. ಒಮ್ಮೆ ಇಲ್ಲದ ಗಬ್ಬವನ್ನು ಇದೆ ಅಂದುಕೊಂಡೆ, ಇನ್ನೊಮ್ಮೆ ಇದ್ದದ್ದನ್ನು ಇಲ್ಲ ಅಂದುಕೊಂಡೆ. ಎರಡೂ ಸಲ ಕ್ರಾಸ್ ಮಾಡಿಸಿದ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿತ್ತು, ನಾನು ಅತ್ತ ತಿರುಗಿಯೂ ನೋಡಿರಲಿಲ್ಲ. ಪಾಮೇರಿಯನ್, ಪಗ್, ಶಿಟ್ಝು, ಚಿಹುವಾಹುವಾ ಸಾಕಿದವರು ನನ್ನ ಹಾಗೆ ಅಲೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕಿಟ್ ಯಾಕೆ ಕೆಲಸಕ್ಕೆ ಬರುವುದಿಲ್ಲ

ಮನುಷ್ಯರ ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ನಾಯಿಯ ಹೊಟ್ಟೆಯಲ್ಲಿ ಆರು ಮರಿ ಇದ್ದರೂ ಅದರ ಮೈಯಲ್ಲಿ ಈ ಹಾರ್ಮೋನು ತಯಾರಾಗುವುದಿಲ್ಲ. ಹಾಗಾಗಿ ಒಂದೇ ಗೆರೆ ಬಂತೆಂದು ಬೇಜಾರು ಮಾಡಿಕೊಳ್ಳುವುದಕ್ಕೂ ಅರ್ಥವಿಲ್ಲ.

ಇನ್ನು ಕೆಲವರು ಬುದ್ಧಿವಂತಿಕೆಯಿಂದ, "ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಮಾಡ್ಸಿದ್ರೆ ಗೊತ್ತಾಗಲ್ವೇನ್ರಿ?" ಅನ್ನುತ್ತಾರೆ. ಗೊತ್ತಾಗುವುದಿಲ್ಲ. ಹೆಣ್ಣುನಾಯಿ ಬೆದೆ ಮುಗಿಸಿದ ಮೇಲೆ ಗಬ್ಬ ನಿಂತರೂ ಅಷ್ಟೇ, ನಿಲ್ಲದಿದ್ದರೂ ಅಷ್ಟೇ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್, ಅಂದರೆ ಗಬ್ಬ ಉಳಿಸುವ ಹಾರ್ಮೋನು, ಏರಿಯೇ ಇರುತ್ತದೆ. ಆ ಪರೀಕ್ಷೆ ಯಾವ ದಿನ ಕ್ರಾಸ್ ಮಾಡಿಸಬೇಕು ಎಂದು ನೋಡುವುದಕ್ಕೆ ಬಹಳ ಒಳ್ಳೆಯದು, ಗಬ್ಬ ಖಾತ್ರಿ ಮಾಡುವುದಕ್ಕೆ ಅಲ್ಲ. ಮುಂದೆ ಹೇಳುವ ಸುಳ್ಳು ಗಬ್ಬದ ಬೇರೂ ಇಲ್ಲೇ ಇದೆ.

ಮೊದಲು ತಾರೀಖು

"ಕ್ರಾಸ್ ಮಾಡ್ಸಿದ್ದು ಯಾವತ್ತು?" ಅಂತ ಹುಡುಗನನ್ನು ಕೇಳಿದೆ.

"ಹೋದ ತಿಂಗಳ್ರಿ."

ಹೋದ ತಿಂಗಳಿಗೆ 31 ದಿನ. ಮನೆಗೆ ಫೋನ್ ಹಚ್ಚಿಸಿದೆ. ಅವರಮ್ಮನಿಗೆ ನೆನಪಿತ್ತು: ಸಂಕ್ರಾಂತಿ ದಿನ ಒಂದು ಸಲ, ನಡುವೆ ಒಂದು ದಿನ ಬಿಟ್ಟು ಇನ್ನೊಂದು ಸಲ. ಸಂಕ್ರಾಂತಿ ಜನವರಿ 15ಕ್ಕೆ ಬಂದಿತ್ತು. ನಾವು ಮಾತಾಡುತ್ತಾ ಕೂತಿದ್ದು ಫೆಬ್ರವರಿ 5ರಂದು, ಅಂದರೆ 21ನೇ ದಿನ. ಮಾತ್ರೆ ಕವರಿನ ಹಿಂದೆ ಬರೆದುಕೊಟ್ಟೆ. ಮೊದಲ ಕ್ರಾಸ್ ದಿನವನ್ನು ಸೊನ್ನೆ ಅಂತ ಹಿಡಿದರೆ, ಫೆಬ್ರವರಿಗೆ 28 ದಿನದ ಲೆಕ್ಕದಲ್ಲಿ:

ಫೆಬ್ರವರಿ 12: 28ನೇ ದಿನ, ಸ್ಕ್ಯಾನಿಂಗ್.
ಫೆಬ್ರವರಿ 19: 35ನೇ ದಿನ, ಮೊದಲ ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೆ ಮತ್ತೊಮ್ಮೆ.
ಮಾರ್ಚ್ 11: 55ನೇ ದಿನ, ಎಕ್ಸ್‌ರೇ.
ಮಾರ್ಚ್ 13ರಿಂದ 28: ಮರಿ ಹಾಕಬಹುದಾದ ದಿನಗಳು.

ಕೊನೆಯ ಸಾಲು ನೋಡಿ ಹುಡುಗ ಹುಬ್ಬೇರಿಸಿದ. "63 ದಿನ ಅಂತಾರಲ್ರಿ?" 63 ದಿನ ಎನ್ನುವುದು ಅಂಡ ಬಿಡುಗಡೆಯಾದ ದಿನದಿಂದ. ಕ್ರಾಸ್ ಆದ ದಿನವೇ ಗಬ್ಬ ಕಟ್ಟುತ್ತದೆ ಅಂತಿಲ್ಲ. ಗಂಡುನಾಯಿಯ ವೀರ್ಯಾಣು ಹೆಣ್ಣಿನ ಒಳಗೆ ಐದಾರು ದಿನ ಜೀವಂತ ಇರಬಲ್ಲದು, ಬಿಡುಗಡೆಯಾದ ಅಂಡವೂ ಪಕ್ವವಾಗಲು ಎರಡು ಮೂರು ದಿನ ಬೇಕು. ಹಾಗಾಗಿ ಮೊದಲ ಕ್ರಾಸ್‌ನಿಂದ ಎಣಿಸಿದರೆ 57ರಿಂದ 72ನೇ ದಿನದವರೆಗೆ ಯಾವಾಗ ಬೇಕಾದರೂ ಆಗಬಹುದು. ಈ ಸಡಿಲು ಪರೀಕ್ಷೆಗಳಿಗೂ ಅನ್ವಯ. ನಿಮ್ಮ ಕ್ಯಾಲೆಂಡರಿನಲ್ಲಿ 25 ದಿನ ಅಂದರೆ ಹೊಟ್ಟೆಯೊಳಗಿನ ಲೆಕ್ಕದಲ್ಲಿ ಇನ್ನೂ 19 ಇದ್ದೀತು.

ತಾರೀಖೇ ಗೊತ್ತಿಲ್ಲದವರೂ ಇರುತ್ತಾರೆ. ಗೇಟು ತೆಗೆದಿತ್ತು, ಓಣಿಯ ನಾಯಿ ಒಳಗೆ ಬಂದಿತ್ತು, ಯಾರೂ ನೋಡಲಿಲ್ಲ. ಆಗ ಬೆದೆ ಮುಗಿದ ದಿನವನ್ನು, ಅಂದರೆ ಹೆಣ್ಣು ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದ ದಿನವನ್ನು, ಸೊನ್ನೆ ಅಂತ ಹಿಡಿದು ಒಂದು ತಿಂಗಳು ಕಾಯಿರಿ. ಎರಡೂ ಅಂಟಿಕೊಂಡು ನಿಂತಿದ್ದನ್ನು ನೋಡಿಲ್ಲ, ಹಾಗಾಗಿ ಏನೂ ಆಗಿರಲಿಕ್ಕಿಲ್ಲ ಎಂಬ ಸಮಾಧಾನ ಬೇಡ. ಅಂಟಿಕೊಳ್ಳದೆಯೂ ಗಬ್ಬ ನಿಲ್ಲುವುದುಂಟು, ಅರ್ಧ ಗಂಟೆ ಅಂಟಿಕೊಂಡಿದ್ದರೂ ನಿಲ್ಲದಿರುವುದುಂಟು.

ಹಾಲು ಬಂತು, ಗೂಡು ಮಾಡಿತು, ಆದರೂ ಮರಿ ಇಲ್ಲ

ಬುಜ್ಜಿಯ ಮೊದಲ ಸಲದ ಕಥೆ ಇದು. ಕ್ರಾಸ್ ಆಗಿ ಏಳನೇ ವಾರಕ್ಕೆ ಮೊಲೆ ಊದಿಕೊಂಡವು. ಎಂಟನೇ ವಾರ ನನ್ನ ಮಗಳ ಸ್ಕೂಲ್ ಸಾಕ್ಸ್ ಒಂದನ್ನು ಕಚ್ಚಿಕೊಂಡು ಹೋಗಿ ಮಂಚದ ಕೆಳಗೆ ಇಟ್ಟುಕೊಂಡು ನೆಕ್ಕತೊಡಗಿತು. ತೆಗೆಯಲು ಹೋದರೆ ಗುರ್ ಅನ್ನುವುದು. ಮೊಲೆ ಮುಟ್ಟಿದರೆ ಹನಿ ಹಾಲು. ನನ್ನ ಹೆಂಡತಿ ಹಳೆ ಸೀರೆ ಹರಿದು ಹಾಸಿಗೆ ಮಾಡಿದಳು, ನಾನು ಮರಿ ಕೇಳಿದವರಿಗೆಲ್ಲ ಮಾತು ಕೊಟ್ಟೆ. 58ನೇ ದಿನ ಎಕ್ಸ್‌ರೇ ತೆಗೆಸಿದರೆ ಕಂಡಿದ್ದು ಬುಜ್ಜಿಯ ಬೆನ್ನುಮೂಳೆ, ಪಕ್ಕೆಲುಬು, ಒಂದಿಷ್ಟು ಮಲ.

ಸುಳ್ಳು ಗಬ್ಬ ಎನ್ನುವುದು ಇದಕ್ಕೇ. ಬೆದೆಯ ಎರಡು ತಿಂಗಳ ನಂತರ ಪ್ರೊಜೆಸ್ಟರಾನ್ ಇಳಿಯುತ್ತಿದ್ದಂತೆ ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುತ್ತದೆ. ಮರಿ ಇದ್ದರೂ ಇಲ್ಲದಿದ್ದರೂ ಮೈಯಲ್ಲಿ ನಡೆಯುವುದು ಹೆಚ್ಚೂಕಡಿಮೆ ಒಂದೇ. ಗಂಡಿನ ನೆರಳೂ ಬೀಳದ ನಾಯಿಯಲ್ಲೂ ಇದು ಆಗುತ್ತದೆ. ಆದ್ದರಿಂದ ಹಾಲು, ಗೂಡು, ಸೊಂಟ ದಪ್ಪವಾಗಿದ್ದು, ನಾಲ್ಕನೇ ವಾರ ಊಟ ಬಿಟ್ಟಿದ್ದು, ಮೊಲೆತೊಟ್ಟು ಕೆಂಪಾಗಿದ್ದು, ಇವೆಲ್ಲ ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲವು. ಉದ್ದ ಕೂದಲಿನ ಪಾಮೇರಿಯನ್‌ನಲ್ಲಂತೂ ಹೊಟ್ಟೆ ನೋಡಿ ಹೇಳುವುದೇ ಕಷ್ಟ. ಒಂದೋ ಎರಡೋ ಮರಿ ಇದ್ದರೆ ಕೊನೆಯ ವಾರದವರೆಗೂ ಗೊತ್ತಾಗದೇ ಹೋದೀತು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. "ಹಾಲು ನಿಲ್ಸೋ ಮಾತ್ರಿ ಐತಲ್ರಿ, ಹೆಣ್ಮಕ್ಕಳಿಗೆ ಕೊಡ್ತಾರಲ್ಲ, ಅದನ್ನ ಅರ್ಧ ಮಾಡಿ ಕೊಡ್ರಿ" ಅಂತ ಕೇಳಿಕೊಂಡು ಬರುವವರಿದ್ದಾರೆ. ಅದು ಕ್ಯಾಬರ್ಗೋಲಿನ್. ಸುಳ್ಳು ಗಬ್ಬಕ್ಕೆ ಪಶುವೈದ್ಯರು ಬರೆದುಕೊಡುವುದೂ ಅದನ್ನೇ. ಆದರೆ ಗಬ್ಬ ನಿಜವೇ ಆಗಿದ್ದರೆ ಅದೇ ಮಾತ್ರೆಯಿಂದ ಮರಿಗಳು ಬಿದ್ದುಹೋಗಬಹುದು. ಮರಿ ಇಲ್ಲ ಎಂದು ಖಾತ್ರಿಯಾಗುವವರೆಗೆ ಅದನ್ನು ಮುಟ್ಟಬಾರದು. ವಾಂತಿಗೆಂದು ಕೇಳುವ ಮೆಟೊಕ್ಲೊಪ್ರಮೈಡ್ ಇದಕ್ಕೆ ತದ್ವಿರುದ್ಧ, ಅದು ಪ್ರೊಲ್ಯಾಕ್ಟಿನ್ ಏರಿಸಿ ಸುಳ್ಳು ಗಬ್ಬವನ್ನು ಇನ್ನಷ್ಟು ಕೆರಳಿಸುತ್ತದೆ. ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಮೊಲೆ ಹಿಂಡಿ ಹಾಲು ತೆಗೆಯಬೇಡಿ. ತೆಗೆದಷ್ಟೂ ಬರುತ್ತದೆ.

"ಕಾಣ್ತಿಲ್ಲ" ಅಂದರೆ "ಇಲ್ಲ" ಅಲ್ಲ

ಎರಡನೇ ಸಲ ನನಗೆ ತಾಳ್ಮೆ ಇರಲಿಲ್ಲ. ಮೊದಲ ಸಲ ಮೋಸ ಹೋಗಿದ್ದೆನಲ್ಲ, ಈ ಸಲ ಬೇಗ ನೋಡಿಬಿಡೋಣ ಅಂತ 18ನೇ ದಿನವೇ ಬುಜ್ಜಿಯನ್ನು ಸ್ಕ್ಯಾನಿಂಗ್‌ಗೆ ಒಯ್ದೆ. ಅಲ್ಲಿದ್ದವರು ಹೊಟ್ಟೆಯ ಮೇಲೆ ಎರಡು ನಿಮಿಷ ಸ್ಕ್ಯಾನ್ ಯಂತ್ರದ ಪ್ರೋಬ್ ಆಡಿಸಿ, "ಏನೂ ಕಾಣ್ತಿಲ್ಲ" ಅಂದರು. ಮತ್ತೆ ಬನ್ನಿ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು "ಇಲ್ಲವಂತೆ" ಅಂದೆ. ಆ ಧೈರ್ಯದ ಮೇಲೆ ಉಣ್ಣಿಗೆ ಔಷಧಿ ಹೊಡೆದೆ, ಬಿಸಿಲಲ್ಲಿ ಬಸ್ಸಿನಲ್ಲಿ ಹೊಸಪೇಟೆಗೂ ಕರೆದುಕೊಂಡು ಹೋಗಿಬಂದೆ. 40ನೇ ದಿನದ ಹೊತ್ತಿಗೆ ಹೊಟ್ಟೆ ಗಟ್ಟಿಯಾಗಿ ಕೆಳಗಿಳಿದಂತೆ ಕಂಡಿತು. ಬೇರೆ ಡಾಕ್ಟರ ಹತ್ತಿರ ಹೋದಾಗ ಪರದೆಯ ಮೇಲೆ ಎರಡು ಹೃದಯ ಪಟಪಟ ಬಡಿಯುತ್ತಿದ್ದವು.

18ನೇ ದಿನ ಕಾಣುವುದು ಸಾಧ್ಯವೇ ಇರಲಿಲ್ಲ ಅನ್ನಿ. ಸ್ಕ್ಯಾನಿಂಗ್‌ನಲ್ಲಿ ಮರಿಗಳ ಸುತ್ತಲಿನ ನೀರಿನ ಚೀಲಗಳು ಕಾಣಲು ಶುರುವಾಗುವುದು ಸುಮಾರು 21ನೇ ದಿನದ ನಂತರ, ಹೃದಯದ ಬಡಿತ ಕಾಣುವುದು 25ರ ಆಸುಪಾಸು. ಅದೂ ಹೊಟ್ಟೆಯೊಳಗಿನ ಲೆಕ್ಕ, ಕ್ಯಾಲೆಂಡರಿನದ್ದಲ್ಲ. ಅದಕ್ಕೇ 28ರಿಂದ 35ನೇ ದಿನದ ನಡುವೆ ಹೋಗುವುದು ಜಾಣತನ. ಆಗ ಪರದೆಯ ಮೇಲೆ ಕರಿ ದ್ರಾಕ್ಷಿಯಂಥ ಗುಂಡನೆಯ ಕಪ್ಪು ಚೀಲ, ಅದರೊಳಗೆ ಅಕ್ಕಿಕಾಳಿನ ಹಾಗೆ ಒಂದು ಬಿಳಿ ಚುಕ್ಕೆ, ಆ ಚುಕ್ಕೆಯ ನಡುವೆ ಮಿಣಮಿಣ. ನಿಮಿಷಕ್ಕೆ 200ಕ್ಕೂ ಮೇಲೆ ಬಡಿಯುತ್ತದೆ, ಎಣಿಸಲು ಕಣ್ಣು ಸಾಲದು. ಮರಿ ಇದೆ ಎನ್ನುವುದರ ಜೊತೆಗೆ ಬದುಕಿದೆ ಎಂದೂ ಹೇಳುವ ಪರೀಕ್ಷೆ ಇದೊಂದೇ. ನನ್ನನ್ನು ಕೇಳಿದರೆ ಒಂದೇ ಪರೀಕ್ಷೆಗೆ ದುಡ್ಡಿರುವವರು ಇದಕ್ಕೇ ಹಾಕಬೇಕು.

ಎಷ್ಟು ಮರಿ ಎಂದು ಮಾತ್ರ ಸ್ಕ್ಯಾನಿಂಗ್‌ನಲ್ಲಿ ಕೇಳಬೇಡಿ. ಒಂದೇ ಮರಿಯನ್ನು ಎರಡು ಕಡೆಯಿಂದ ನೋಡಿ ಎರಡು ಎಂದು ಎಣಿಸುವುದು ಸುಲಭ, ಕರುಳಿನ ಹಿಂದೆ ಅಡಗಿದ್ದು ತಪ್ಪಿಹೋಗುವುದೂ ಸುಲಭ. ಇನ್ನೊಂದು ಸಂಗತಿ: ಐದನೇ ವಾರದೊಳಗೆ ಸತ್ತ ಭ್ರೂಣವನ್ನು ತಾಯಿಯ ಗರ್ಭಚೀಲವೇ ಹೀರಿಕೊಂಡುಬಿಡಬಹುದು, ಹೊರಗೆ ಏನೂ ಕಾಣದು. 28ರಂದು ಮೂರು ಕಂಡವು, ಹುಟ್ಟಿದ್ದು ಎರಡು ಅಂದರೆ ಯಾರೂ ಸುಳ್ಳು ಹೇಳಿದ್ದಲ್ಲ. ಆದರೆ ಆರು, ಏಳನೇ ವಾರದ ನಂತರ ಮರಿ ಬಿದ್ದರೆ ಹಾಗೇ ಬಿಡಬೇಡಿ. ಬ್ರುಸೆಲ್ಲಾ ಎಂಬ ಸೋಂಕಿನಿಂದಲೂ ಹೀಗಾಗುತ್ತದೆ, ಅದು ಮನುಷ್ಯರಿಗೂ ತಗಲುವಂಥದ್ದು. ಬಿದ್ದದ್ದನ್ನು ಬರಿಗೈಯಲ್ಲಿ ಎತ್ತಬಾರದು.

ಹೋಗುವ ಮುಂಚೆ ಫೋನ್ ಮಾಡಿ, "ಸಣ್ಣ ನಾಯಿಗೆ ಸ್ಕ್ಯಾನ್ ಮಾಡ್ತೀರಾ?" ಎಂದು ಕೇಳಿಕೊಳ್ಳಿ. ನಮ್ಮ ಕಡೆ ದನದ ದವಾಖಾನೆಗಳಿಗೆ ಎಮ್ಮೆ, ಆಕಳು, ಕುರಿಯದ್ದೇ ಹೆಚ್ಚು ಕೆಲಸ. ಆಕಳ ಗಬ್ಬ ನೋಡುವ ಪ್ರೋಬ್ ಬೇರೆ, ಮೂರು ಕಿಲೋ ನಾಯಿಗೆ ಬೇಕಾದ್ದು ಬೇರೆ. ಸಿರುಗುಪ್ಪ, ಕಂಪ್ಲಿ, ಸಂಡೂರಿನಿಂದ ಬಳ್ಳಾರಿಗೆ ಬರುವವರು ಬೆಳಗಿನ ಬಸ್ಸೇ ಹಿಡಿಯಿರಿ. ಮಾರ್ಚ್ ದಾಟಿದ ಮೇಲೆ ಮಧ್ಯಾಹ್ನದ ಆಟೋದಲ್ಲಿ ಪಗ್‌ನಂಥ ಮೊಂಡು ಮೂಗಿನ ನಾಯಿಯನ್ನು ಒಯ್ದರೆ ಗಬ್ಬದ ಚಿಂತೆಗಿಂತ ಮೊದಲು ಉಸಿರಿನ ಚಿಂತೆ ಬಂದೀತು.

ಇನ್ನೆರಡು ದಾರಿ

ಅನುಭವಿ ಡಾಕ್ಟರು 25ರಿಂದ 30ನೇ ದಿನದ ನಡುವೆ ಹೊಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿ ಹೇಳಬಲ್ಲರು. ಗರ್ಭಚೀಲ ಮಣಿಸರದ ಹಾಗೆ ಗಂಟುಗಂಟಾಗಿ ಸಿಗುತ್ತದೆ. 35ರ ನಂತರ ಗಂಟುಗಳೆಲ್ಲ ಕೂಡಿಕೊಂಡು ಕೈಗೆ ಗುರುತು ಹತ್ತುವುದಿಲ್ಲ. ಹೊಟ್ಟೆ ಬಿಗಿಹಿಡಿಯುವ ನಾಯಿ, ದಪ್ಪ ನಾಯಿ ಆದರೆ ಆಗಲೂ ಕಷ್ಟ. ಯೂಟ್ಯೂಬ್ ನೋಡಿ ಮನೆಯಲ್ಲಿ ನೀವೇ ಒತ್ತಿ ನೋಡುವ ಕೆಲಸ ಖಂಡಿತ ಬೇಡ.

ನಾಯಿಗೆಂದೇ ಇರುವ ರಕ್ತದ ಕಿಟ್ ಬೇರೆ ಇದೆ. ಅದು ಹುಡುಕುವುದು ರಿಲ್ಯಾಕ್ಸಿನ್ ಎಂಬ ಹಾರ್ಮೋನನ್ನು. ಇದು ಮರಿಯ ಮಾಸಿನಿಂದ ಬರುವುದರಿಂದ ಸುಳ್ಳು ಗಬ್ಬದಲ್ಲಿ ಇರುವುದಿಲ್ಲ, ಅದೇ ಇದರ ಬಲ. 30ನೇ ದಿನದ ನಂತರ ಮಾಡಿಸಿ. ಸಣ್ಣ ತಳಿಯಲ್ಲಿ ಒಂದೇ ಮರಿ ಇದ್ದರೆ ಹಾರ್ಮೋನಿನ ಪ್ರಮಾಣ ಕಡಿಮೆಯಾಗಿ "ಇಲ್ಲ" ಎಂದು ತೋರಿಸಬಹುದು, ಹಾಗಾಗಿ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಮರಿ ಸತ್ತ ಮೇಲೂ ಕೆಲವು ದಿನ "ಇದೆ" ಎಂದೇ ತೋರಿಸಬಹುದು. ಎಲ್ಲ ಕ್ಲಿನಿಕ್‌ಗಳಲ್ಲೂ ಇಟ್ಟಿರುವುದಿಲ್ಲ, ನನ್ನಂಥ ಅಂಗಡಿಯಲ್ಲಂತೂ ಇಲ್ಲ.

ಹೊಟ್ಟೆ ದಪ್ಪ, ಆದರೆ ನಾಯಿ ಮಂಕು

ಇದನ್ನು ಓದದೆ ಬಿಡಬೇಡಿ.

ನಮ್ಮ ಓಣಿಯ ಅಕ್ಕ ಒಬ್ಬರ ಮನೆಯಲ್ಲಿ ಎಂಟು ವರ್ಷದ ಪಾಮೇರಿಯನ್. ಬೆದೆ ಮುಗಿದು ಆರು ವಾರಕ್ಕೆ ಹೊಟ್ಟೆ ಬಂತು. ಬೀದಿ ನಾಯಿಯದ್ದೇ ಕೆಲಸ ಎಂದು ಮನೆಯವರೆಲ್ಲ ನಕ್ಕರು, ಬೆಲ್ಲದ ಗಂಜಿ ಕುಡಿಸಿದರು. ನಾಯಿ ಬೋಸಿಯ ನೀರೆಲ್ಲ ಖಾಲಿ ಮಾಡುತ್ತಿತ್ತು, ಅಂಗಳದಲ್ಲಿ ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತಿತ್ತು. ಏಪ್ರಿಲ್ ತಿಂಗಳು, ಬಳ್ಳಾರಿ ಗುಡ್ಡವೇ ಕಾದ ಹಂಚಿನಂತಿತ್ತು. ಆ ಬಿಸಿಲಲ್ಲಿ ನೀರು ಕುಡಿಯದ ನಾಯಿ ಯಾವುದು? ಯಾರಿಗೂ ಅನುಮಾನ ಬರಲಿಲ್ಲ. ನಾಯಿ ಊಟ ಬಿಟ್ಟು ವಾಂತಿ ಶುರುವಾದ ಮೇಲೆ ಅಕ್ಕ ನನ್ನ ಹತ್ತಿರ ವಾಂತಿ ಮಾತ್ರೆ ಕೇಳಲು ಬಂದರು. ಮಾತ್ರೆ ಕೊಡಲಿಲ್ಲ, ಆಟೋ ಹತ್ತಿಸಿದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಚೀಲ ತುಂಬ ಕೀವು. ಅದೇ ದಿನ ಆಪರೇಷನ್ ಮಾಡಿ ಗರ್ಭಚೀಲ ತೆಗೆದರು, ನಾಯಿ ಉಳಿಯಿತು.

ಇದಕ್ಕೆ ಪಯೋಮೆಟ್ರಾ ಅನ್ನುತ್ತಾರೆ. ಬೆದೆ ಮುಗಿದ ನಂತರದ ಎರಡು ತಿಂಗಳೊಳಗೇ ಹೆಚ್ಚು ಬರುವುದು, ಅಂದರೆ ನಾವು ಗಬ್ಬ ಎಂದು ಆಸೆಪಡುವ ಅದೇ ದಿನಗಳಲ್ಲಿ. ಕೀವು ಹೊರಗೆ ಸೋರಿದರೆ ವಾಸನೆಯಿಂದ ಗೊತ್ತಾದೀತು. ಗರ್ಭಚೀಲದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಏನೂ ಇಲ್ಲ, ಹೊಟ್ಟೆ ಮಾತ್ರ ಊದುತ್ತದೆ, ಅಪಾಯವೂ ಹೆಚ್ಚು. ಬಿಸಿಲಿನ ದಾಹವೋ ರೋಗದ ದಾಹವೋ ಎಂಬ ಅನುಮಾನವಿದ್ದರೆ ಅಳತೆ ಗ್ಲಾಸಿನಿಂದ ನೀರು ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಕಿಲೋಗೆ 100 ಮಿಲಿ ಮೀರಿದರೆ ಅದು ಅತಿ. ಮೂರೂವರೆ ಕಿಲೋ ಬುಜ್ಜಿಗೆ 350 ಮಿಲಿ. ಅಷ್ಟು ಕುಡಿದು ಮಂಕಾಗಿದ್ದರೆ 28ನೇ ದಿನಕ್ಕೆ ಕಾಯಬೇಡಿ, ಇವತ್ತೇ ಹೋಗಿ. ತೆಳ್ಳಗಿನ ಲೋಳೆ ನಾಲ್ಕೈದನೇ ವಾರದಲ್ಲಿ ಸಹಜ. ಕೀವು, ರಕ್ತ, ದುರ್ವಾಸನೆ, ಕಡುಹಸಿರು ಬಣ್ಣ ಸಹಜ ಅಲ್ಲ.

ಹೊಟ್ಟೆ ದಪ್ಪವಾಗಲು ಜಂತುಹುಳು, ಬೊಜ್ಜು, ಲಿವರ್ ಅಥವಾ ಹೃದಯದ ತೊಂದರೆಯಿಂದ ನೀರು ತುಂಬುವುದು, ಇವೂ ಕಾರಣ. ಯಾವುದಿದ್ದರೂ ಗಬ್ಬ ಹೌದೋ ಅಲ್ಲವೋ ಎಂಬುದನ್ನು ಅದೇ ಸ್ಕ್ಯಾನಿಂಗ್ ತೋರಿಸುತ್ತದೆ.

ಸಣ್ಣ ತಳಿಗೆ ಎಕ್ಸ್‌ರೇ ಯಾಕೆ ಬಿಡಬಾರದು

ಮರಿ ಇರುವುದು ಸ್ಕ್ಯಾನಿಂಗ್‌ನಲ್ಲೇ ಗೊತ್ತಾದ ಮೇಲೆ ಮತ್ತೆ ಖರ್ಚು ಯಾಕೆ ಎಂದು ಹುಡುಗ ಕೇಳಿದ. ಲ್ಯಾಬ್ರಡಾರ್ ಆಗಿದ್ದರೆ ನಾನೂ ಅಷ್ಟು ಒತ್ತಾಯ ಮಾಡುತ್ತಿರಲಿಲ್ಲವೇನೋ. ಪಾಮೇರಿಯನ್, ಚಿಹುವಾಹುವಾ, ಪಗ್‌ಗಳಲ್ಲಿ ಹೆರಿಗೆಯೇ ಕಷ್ಟ. ಮರಿ ಕಡಿಮೆ, ಒಂದೊಂದೂ ತಾಯಿಯ ಗಾತ್ರಕ್ಕೆ ದೊಡ್ಡದು. ಒಂದೇ ಮರಿ ಇದ್ದರೆ ಅದು ಇನ್ನೂ ದೊಡ್ಡದಾಗಿ ಬೆಳೆಯುತ್ತದೆ, ಹೆರಿಗೆ ಶುರು ಮಾಡು ಎಂದು ತಾಯಿಯ ಮೈಗೆ ಹೋಗಬೇಕಾದ ಸೂಚನೆಯೂ ಸಾಲದೆ ದಿನ ಮೀರುತ್ತದೆ.

ಮರಿಯ ಎಲುಬು ಎಕ್ಸ್‌ರೇಯಲ್ಲಿ ಕಾಣಲು ಶುರುವಾಗುವುದು 45ನೇ ದಿನದ ಹೊತ್ತಿಗೆ. ಆಗ ತೆಗೆಸಿದರೆ ಮಸುಕು. 55 ದಾಟಿದ ಮೇಲೆ ತಲೆಬುರುಡೆ, ಬೆನ್ನುಮೂಳೆಯ ಸಾಲು ಬಿಡಿಸಿ ಎಣಿಸುವಷ್ಟು ಸ್ಪಷ್ಟ. ಡಾಕ್ಟರಿಗೆ ಎರಡು ಪ್ರಶ್ನೆ ಕೇಳಿ: ತಲೆ ಎಷ್ಟು? ದೊಡ್ಡ ತಲೆ ತಾಯಿಯ ಸೊಂಟದೆಲುಬಿನ ದಾರಿಯಲ್ಲಿ ಹಿಡಿಸುತ್ತದೆಯೇ? ಹಿಡಿಸುವುದು ಅನುಮಾನ ಎಂದರೆ ಸಿಸೇರಿಯನ್‌ಗೆ ಯಾರು, ಎಲ್ಲಿ, ರಾತ್ರಿ ಹೊತ್ತು ಸಿಗುತ್ತಾರೆಯೇ ಎಂದು ಅವತ್ತೇ ಗೊತ್ತು ಮಾಡಿಕೊಳ್ಳಬಹುದು. ಬುಜ್ಜಿ ಎರಡನೇ ಮರಿ ಹಾಕಿದ ಮೇಲೆ ಇನ್ನೊಂದು ಒಳಗೇ ಉಳಿದಿದೆಯೋ ಎಂದು ನಮಗೆ ಗಾಬರಿಯಾಗದೆ ಇದ್ದದ್ದು ಎಕ್ಸ್‌ರೇಯಲ್ಲಿ ಎರಡೇ ತಲೆ ಎಣಿಸಿದ್ದರಿಂದ. ಕೊನೆಯ ವಾರದ ಹೊತ್ತಿಗೆ ಮರಿಯ ಅಂಗಾಂಗವೆಲ್ಲ ಆಗಿಹೋಗಿರುವುದರಿಂದ ಒಂದೆರಡು ಎಕ್ಸ್‌ರೇಗೆ ಹೆದರಬೇಕಾಗಿಲ್ಲ.

ಗಬ್ಬ ಖಾತ್ರಿಯಾಯಿತು ಎಂಬ ಖುಷಿಯಲ್ಲಿ ಕ್ಯಾಲ್ಸಿಯಂ ಸಿರಪ್ ಕೇಳಿಕೊಂಡು ಬರಬೇಡಿ. ಗಬ್ಬದಲ್ಲಿ ಹೆಚ್ಚು ಕ್ಯಾಲ್ಸಿಯಂ ಕುಡಿಸಿದರೆ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಗ್ರಂಥಿ ಸೋಮಾರಿಯಾಗುತ್ತದೆ. ಮರಿ ಹಾಲು ಕುಡಿಯತೊಡಗಿದಾಗ ತಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ನಡುಕ, ಸೆಟೆತ ಬರುತ್ತದೆ, ಸಣ್ಣ ತಳಿಗಳಲ್ಲೇ ಇದು ಹೆಚ್ಚು. ಹೆರಿಗೆ ತಡವಾಯಿತೆಂದು ಆಕ್ಸಿಟೋಸಿನ್ ಇಂಜೆಕ್ಷನ್ ಕೇಳಿದರೂ ನಾನು ಕೊಡುವುದಿಲ್ಲ. ಅದು ಗರ್ಭಚೀಲವನ್ನು ಹಿಂಡಿಸುವ ಔಷಧಿ, ದಾರಿಗೆ ಅಡ್ಡ ಸಿಕ್ಕ ಮರಿಯನ್ನು ಹಿಂದಿನಿಂದ ತಳ್ಳಿದರೆ ಗರ್ಭಚೀಲವೇ ಹರಿದೀತು.

ಹುಡುಗ ಕವರನ್ನು ಮಡಚಿ ಜೇಬಿಗೆ ಇಟ್ಟುಕೊಂಡ. "ಕಿಟ್ ರೊಕ್ಕ ವಾಪಸ್ ಕೊಡ್ತೀರೇನ್ರಿ?" ಅಂದ. ಬದಲಿಗೆ ಒಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟೆ. ಮಾರ್ಚ್ 13ರಿಂದ ದಿನಕ್ಕೆ ಎರಡು ಸಲ, ತುದಿಗೆ ವ್ಯಾಸಲಿನ್ ಸವರಿ, ಗುದದ್ವಾರದಲ್ಲಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅದು 99ರ ಕೆಳಗೆ ಇಳಿದರೆ ಸುಮಾರು ಒಂದು ದಿನದೊಳಗೆ ಮರಿ ಹಾಕುತ್ತದೆ. ಜೋರಾಗಿ ಮುಕ್ಕರಿಸಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಬಂದರೆ, ಬೆಳಗಾಗಲಿ ಅಂತ ಕಾಯಬಾರದು.

"ಮತ್ತೆ ಇದನ್ನ ಮನ್ಯಾಗ ಜ್ವರಕ್ಕೂ ಉಪಯೋಗಿಸಬಹುದಲ್ರಿ?" ಅಂದ.

ಇನ್ನೊಂದು ಥರ್ಮಾಮೀಟರ್ ತೆಗೆದು ಕೌಂಟರ್ ಮೇಲೆ ಇಟ್ಟೆ.